ಪಾರ್ಕಿನ್ಸನ್ ಜೊತೆ ನಿವೃತ್ತಿಯ ಬದುಕು: ಅರ್ಧಕ್ಕೆ ನಿಂತ ಗ್ರಂಥವನ್ನು ಏನು ಮಾಡಬೇಕು?

ಪ್ರಶ್ನೆ: ನಾನು ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಇತಿಹಾಸ ಪ್ರಾಧ್ಯಾಪಕ. ವಯಸ್ಸು 66. ನಿವೃತ್ತಿಯಾದ ಮರುವರ್ಷವೇ ಬಲಗೈ ನಡುಗತೊಡಗಿ, ಅದು ಪಾರ್ಕಿನ್ಸನ್ ಕಾಯಿಲೆಯೆಂದು ತಿಳಿಯಿತು. ಮೂರು ವರ್ಷಗಳಿಂದ ಲೆವೊಡೋಪಾ ಮತ್ತು ಪ್ರಮಿಪೆಕ್ಸೋಲ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಶಾಸನಗಳನ್ನು ಕುರಿತ ಗ್ರಂಥವೊಂದು ಅರ್ಧಕ್ಕೆ ನಿಂತಿದೆ. ಬರೆಯಲು ಕುಳಿತರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ. ದನಿ ಎದುರಿಗೆ ಕುಳಿತವರಿಗೂ ಕೇಳಿಸುವುದಿಲ್ಲ. ಉಪನ್ಯಾಸಕ್ಕೆ ಕರೆದರೆ ಒಲ್ಲೆನೆನ್ನುತ್ತೇನೆ. ಶಿಷ್ಯರು ಮನೆಗೆ ಬಂದರೂ ಒಳಗಿನ ಕೋಣೆಯಲ್ಲೇ ಉಳಿಯುತ್ತೇನೆ. ಹಗಲು ಬರವಣಿಗೆ ಸಾಗದಿದ್ದರೂ ರಾತ್ರಿಯೆಲ್ಲ ಎದ್ದು ಕುಳಿತು ಹಳೆಯ ಟಿಪ್ಪಣಿಗಳನ್ನು ಜೋಡಿಸುತ್ತಿರುತ್ತೇನೆಂದು ಪತ್ನಿ ಆತಂಕಪಡುತ್ತಾಳೆ. ಬುದ್ಧಿಯೂ ಹೋಗಿಬಿಡುತ್ತದೆಯೇ ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ಗ್ರಂಥವನ್ನು ಮುಂದುವರಿಸಬೇಕೆ, ಇಲ್ಲಿಗೇ ಬಿಡಬೇಕೆ? ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೊದಲಿನಂತಾಗಬಹುದೆ?

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ಗ್ರಂಥವನ್ನು ಬಿಡಬೇಡಿ. ಆದರೆ ನಿವೃತ್ತಿಯ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಗ್ರಂಥವನ್ನು ಅದೇ ಗಾತ್ರದಲ್ಲಿ, ಅದೇ ಕ್ರಮದಲ್ಲಿ, ಒಬ್ಬರೇ ಕುಳಿತು ಮುಗಿಸುತ್ತೇನೆಂಬ ಹಟವನ್ನು ಬಿಡಿ. ಮೈ ಸ್ವಲ್ಪ ಸುಧಾರಿಸಲಿ, ಆಮೇಲೆ ಬರೆಯೋಣವೆಂದು ಕಾಯುವುದನ್ನೂ ಬಿಡಿ. ನನ್ನ ಬಳಿಗೆ ಬರುವ ನಿವೃತ್ತ ಅಧ್ಯಾಪಕರಲ್ಲಿ ಹೆಚ್ಚಿನವರ ಒಳ್ಳೆಯ ವರ್ಷಗಳನ್ನು ಕಸಿದುಕೊಳ್ಳುವುದು ನಡುಕಕ್ಕಿಂತ ಈ ಕಾಯುವಿಕೆಯೇ. ಪಾರ್ಕಿನ್ಸನ್ ಬಹಳ ನಿಧಾನವಾಗಿ ಮುಂದುವರಿಯುವ ಕಾಯಿಲೆ. ರೋಗ ಗೊತ್ತಾದ ಮೇಲೆ ಹದಿನೈದು, ಇಪ್ಪತ್ತು ವರ್ಷ ಬದುಕುವವರು ಅನೇಕರಿದ್ದಾರೆ. ಅದರಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡುವ ಕಾಲ ಮೊದಲ ಕೆಲವು ವರ್ಷಗಳದು, ಮತ್ತು ನೀವು ಈಗ ಆ ಕಾಲದಲ್ಲಿಯೇ ಇದ್ದೀರಿ. ಆದ್ದರಿಂದ ಯಾವುದನ್ನು ಮುಗಿಸಬೇಕು, ಯಾವುದನ್ನು ಶಿಷ್ಯರಿಗೆ ಒಪ್ಪಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನವನ್ನು ಈ ವರ್ಷವೇ ಮಾಡಿ ಎಂಬುದು ನನ್ನ ಸಲಹೆ.

ಕಾಯಿಲೆಯ ಸ್ವರೂಪವನ್ನು ಸ್ವಲ್ಪ ವಿವರಿಸದೆ ಮುಂದಿನ ಮಾತು ಸ್ಪಷ್ಟವಾಗದು. ಮಿದುಳಿನ ಬುಡಭಾಗದಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಒಂದು ಸಣ್ಣ ಪಟ್ಟಿಯಿದೆ. ಅಲ್ಲಿ ತಯಾರಾಗುವ ಡೋಪಮಿನ್ ಎಂಬ ರಾಸಾಯನಿಕ ನಮ್ಮ ಚಲನೆಗಳ ವೇಗ, ವಿಸ್ತಾರ ಮತ್ತು ಸರಾಗತೆಯನ್ನು ನಿರ್ಧರಿಸುತ್ತದೆ. ಈ ಕೋಶಗಳು ಕ್ಷೀಣಿಸಿದಾಗ ಮಿದುಳು ಪ್ರತಿ ಚಲನೆಯನ್ನೂ ಬೇಕಾದುದಕ್ಕಿಂತ ಚಿಕ್ಕದಾಗಿ ಅಳೆಯುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ದನಿ ಚಿಕ್ಕದಾಗುತ್ತದೆ, ಅಕ್ಷರ ಚಿಕ್ಕದಾಗುತ್ತದೆ, ಮುಖದ ಮೇಲೆ ಮೂಡುವ ನಗೆಯೂ ಚಿಕ್ಕದಾಗುತ್ತದೆ. ನೀವು ಬೇರೆ ಬೇರೆಯೆಂದು ಬರೆದಿರುವ ತೊಂದರೆಗಳೆಲ್ಲ ಒಂದೇ ಕಾರಣದಿಂದ ಹುಟ್ಟಿದವು. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಲೆವೊಡೋಪಾ ಮಿದುಳನ್ನು ಸೇರಿ ಡೋಪಮಿನ್ ಆಗಿ ಮಾರ್ಪಡುತ್ತದೆ. ಇಂದಿಗೂ ಅದಕ್ಕಿಂತ ಪರಿಣಾಮಕಾರಿಯಾದ ಮಾತ್ರೆ ಬಂದಿಲ್ಲ. ಆದರೆ ರಕ್ತದಲ್ಲಿ ಅದು ಉಳಿಯುವುದು ಅಲ್ಪಕಾಲ. ಅದರ ಅರ್ಧಭಾಗ ಸುಮಾರು ಒಂದೂವರೆ ಗಂಟೆಯಲ್ಲಿ ಕರಗಿಹೋಗುತ್ತದೆ. ಮೊದಲ ವರ್ಷಗಳಲ್ಲಿ ಉಳಿದ ಕೋಶಗಳು ಔಷಧವನ್ನು ಕೂಡಿಟ್ಟುಕೊಂಡು ದಿನವಿಡೀ ಹಂಚುತ್ತವೆ. ಆ ಶಕ್ತಿ ಕುಗ್ಗಿದಂತೆ ಮಾತ್ರೆ ಹಿಡಿದಿರುವ, ಎಂದರೆ ಅದರ ಪರಿಣಾಮ ಇರುವ ಹೊತ್ತು ಮತ್ತು ಆ ಪರಿಣಾಮ ಇಳಿದಿರುವ ಹೊತ್ತು ಎಂದು ದಿನ ಎರಡು ಭಾಗವಾಗತೊಡಗುತ್ತದೆ.

ವಿದ್ವಾಂಸರೊಬ್ಬರಿಗೆ ಇದರಿಂದ ಆಗುವ ಪರಿಣಾಮ ದೊಡ್ಡದು. ನಲವತ್ತು ವರ್ಷ ನಿಮ್ಮ ದಿನಚರಿಯನ್ನು ಕಾಲೇಜಿನ ವೇಳಾಪಟ್ಟಿ ನಿರ್ಧರಿಸಿತು. ಇನ್ನು ಮುಂದೆ ಮಾತ್ರೆಯ ವೇಳಾಪಟ್ಟಿ ನಿರ್ಧರಿಸಬೇಕು. ಎರಡು ವಾರಗಳ ಕಾಲ ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆ ನುಂಗಿದ ಸಮಯ, ಅದು ಹಿಡಿದ ಸಮಯ, ಇಳಿದ ಸಮಯ, ಊಟದ ಸಮಯ ಇಷ್ಟನ್ನೇ ಬರೆಯಿರಿ, ಅಥವಾ ಪತ್ನಿಯವರಿಂದ ಬರೆಸಿರಿ. ಶಾಸನಗಳ ಕಾಲವನ್ನು ಲಿಪಿಯ ಲಕ್ಷಣದಿಂದ ನಿರ್ಧರಿಸಿದವರಿಗೆ ಈ ದಾಖಲೆಯಲ್ಲಿರುವ ಕ್ರಮ ಕಾಣಲು ಕಷ್ಟವಾಗದು. ಸಾಮಾನ್ಯವಾಗಿ ಬೆಳಗಿನ ಎರಡು ಗಂಟೆ ಮತ್ತು ಸಂಜೆಯ ಒಂದು ಗಂಟೆ ಒಳ್ಳೆಯ ಹೊತ್ತೆಂದು ಸಿಗುತ್ತದೆ. ಆ ಮೂರು ಗಂಟೆಗಳನ್ನು ಗ್ರಂಥಕ್ಕೆ ಮಾತ್ರ ಮೀಸಲಿಡಿ. ಬ್ಯಾಂಕು, ದೂರವಾಣಿ, ಪತ್ರಿಕೆ ಓದುವುದು, ಸ್ನಾನ ಇವನ್ನೆಲ್ಲ ಉಳಿದ ಹೊತ್ತಿಗೆ ತಳ್ಳಿ. ನಮ್ಮ ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಮಾತ್ರೆ ಹಿಡಿದು ಮೈ ಹಗುರಾದ ಕೂಡಲೇ ಬಾಕಿ ಉಳಿದ ಮನೆಗೆಲಸವನ್ನೆಲ್ಲ ಮಾಡಿ, ಬರೆಯಲು ಕುಳಿತಾಗ ಕೈ ಮತ್ತೆ ಬಿಗಿದಿರುತ್ತದೆ.

ಊಟದ ವಿಚಾರ ಚಿಕ್ಕದೆನಿಸಿದರೂ ಇಲ್ಲಿ ಹೇಳಲೇಬೇಕು. ಲೆವೊಡೋಪಾ ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ ಹೋಗುವ ದಾರಿಯಲ್ಲೇ ಪ್ರೋಟೀನಿನ ಅಂಶಗಳೂ ಸಾಗುತ್ತವೆ, ಮತ್ತು ಎರಡೂ ಒಟ್ಟಿಗೆ ಬಂದಾಗ ಔಷಧ ಹಿಂದೆ ಬೀಳುತ್ತದೆ. ಆದ್ದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಳೆದ ಮೇಲೆ, ಬರಿ ನೀರಿನಲ್ಲಿ ನುಂಗುವುದು ಒಳ್ಳೆಯದು. ಹಾಲಿನ ಜೊತೆ ನುಂಗುವ ಅಭ್ಯಾಸವಿದ್ದರೆ ಬಿಡಿ. ಕೆಲಸದ ಹೊತ್ತಿನಲ್ಲಿ ಮಾತ್ರೆ ಬೇಗ ಇಳಿಯುತ್ತಿದ್ದರೆ ಕಾಳುಪಲ್ಯ, ಬೇಳೆ, ಮೊಸರು, ಮೊಟ್ಟೆಗಳ ಪಾಲನ್ನು ರಾತ್ರಿಯೂಟಕ್ಕೆ ಹೆಚ್ಚಿಸಿ, ಹಗಲಿನಲ್ಲಿ ರೊಟ್ಟಿ, ಅನ್ನ, ಸೊಪ್ಪು, ತರಕಾರಿಗೆ ಒತ್ತು ಕೊಡಬಹುದು. ಪ್ರೋಟೀನನ್ನು ಪೂರ್ತಿಯಾಗಿ ಬಿಟ್ಟು ಸೊರಗಬಾರದು. ಕಬ್ಬಿಣಾಂಶದ ಮಾತ್ರೆಗೂ ಲೆವೊಡೋಪಾಗೂ ನಡುವೆ ಎರಡು ಗಂಟೆಯ ಅಂತರವಿರಲಿ. ಮಲಬದ್ಧತೆಯನ್ನು ಅಲಕ್ಷಿಸಬೇಡಿ, ಏಕೆಂದರೆ ಜಠರ ನಿಧಾನವಾದರೆ ಮಾತ್ರೆಯೂ ಕರುಳನ್ನು ತಡವಾಗಿ ಮುಟ್ಟುತ್ತದೆ. ನಸುಗುನ್ನಿ ಬೀಜದ ಪುಡಿಯನ್ನು ಯಾರಾದರೂ ಸೂಚಿಸಿರಬಹುದು. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದಕ್ಕಾಗಿಯೇ ವೈದ್ಯರಿಗೆ ತಿಳಿಸದೆ ಅದನ್ನು ಮಾತ್ರೆಯ ಜೊತೆ ಸೇರಿಸಿದರೆ ಪ್ರಮಾಣ ಲೆಕ್ಕ ತಪ್ಪುತ್ತದೆ. ಯಾವ ಕಾರಣಕ್ಕೂ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದವರಿಗೆ ತೀವ್ರ ಜ್ವರ ಬಂದು, ಮೈಯೆಲ್ಲ ಸೆಟೆದು ಪ್ರಾಣಾಪಾಯವಾಗುವ ಸಂಭವವಿದೆ.

ಈಗ ನಿಮ್ಮ ದೊಡ್ಡ ಭಯದ ಬಗ್ಗೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಗಮನಿಸಿ ಈ ಕಾಯಿಲೆಯನ್ನು ಮೊದಲ ಬಾರಿ ಸ್ಪಷ್ಟವಾಗಿ ವಿವರಿಸಿದಾಗ, ಇದರಲ್ಲಿ ಬುದ್ಧಿಗೆ ಧಕ್ಕೆಯಾಗುವುದಿಲ್ಲವೆಂದೇ ಭಾವಿಸಿದ್ದರು. ಇಂದಿನ ತಿಳಿವಳಿಕೆ ಅಷ್ಟು ಸರಳವಾಗಿಲ್ಲ, ಮತ್ತು ನಿಮ್ಮಂಥವರಿಗೆ ಸತ್ಯವನ್ನು ಮರೆಮಾಡುವುದು ಗೌರವವಲ್ಲ. ಕಾಯಿಲೆ ಬಂದು ಹತ್ತು, ಹದಿನೈದು ವರ್ಷ ಕಳೆದವರಲ್ಲಿ ಗಣನೀಯ ಸಂಖ್ಯೆಯವರಿಗೆ ಮರೆವಿನ ಕಾಯಿಲೆಯೆನ್ನಬಹುದಾದ ಮಟ್ಟದ ತೊಂದರೆ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ, ಮತ್ತು ಮೂರನೆಯ ವರ್ಷದಲ್ಲಿ ಬರುವುದು ಸಾಮಾನ್ಯವಲ್ಲ. ಮೊದಲು ಕಾಣಿಸಿಕೊಳ್ಳುವುದು ಬೇರೆಯದೇ ಬಗೆಯ ಬದಲಾವಣೆ. ಕಲಿತ ವಿದ್ಯೆ ಉಳಿದಿರುತ್ತದೆ. ಕದಂಬರ ಕಾಲದ ಲಿಪಿಗೂ ಹೊಯ್ಸಳರ ಕಾಲದ ಲಿಪಿಗೂ ಇರುವ ವ್ಯತ್ಯಾಸವನ್ನು ನೀವು ಮರೆಯುವುದಿಲ್ಲ. ಆದರೆ ಹತ್ತು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ಒಂದು ಅಧ್ಯಾಯದ ರೂಪುರೇಷೆ ಹಾಕುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನವನ್ನು ಹೊರಳಿಸುವುದು, ಬೇಕಾದ ಪದವನ್ನು ತಕ್ಷಣ ನಾಲಿಗೆಗೆ ತರುವುದು, ಇವು ನಿಧಾನವಾಗುತ್ತವೆ. ಸುಳಿವು ಕೊಟ್ಟರೆ ಪದ ಬರುತ್ತದೆ. ರೂಪುರೇಷೆ ಕಾಗದದ ಮೇಲೆ ಕಣ್ಣೆದುರಿಗಿದ್ದರೆ ಯೋಚನೆ ಸಾಗುತ್ತದೆ.

ಆದ್ದರಿಂದ ಗ್ರಂಥದ ವಿನ್ಯಾಸವನ್ನು ತಲೆಯಲ್ಲಿಟ್ಟುಕೊಳ್ಳುವ ಹಳೆಯ ಅಭ್ಯಾಸವನ್ನು ಬದಲಿಸಿ, ಅಧ್ಯಾಯಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಮೇಜಿನೆದುರಿನ ಗೋಡೆಗೆ ಅಂಟಿಸಿ. ಒಂದು ಬಾರಿಗೆ ಒಂದೇ ಶಾಸನ, ಒಂದೇ ಪ್ರಶ್ನೆ. ಇತರರಿಂದ ಆಗದ ಕೆಲಸ ಯಾವುದೋ ಅದನ್ನು ಮೊದಲು ಮಾಡಿ. ನಾನು ನರರೋಗ ವೈದ್ಯ, ಶಾಸನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಪಾಠದ ಸವೆದ ಸಾಲುಗಳನ್ನು ಹೇಗೆ ಓದಿದಿರಿ, ಹಿಂದಿನವರ ಓದನ್ನು ಏಕೆ ಒಪ್ಪಲಿಲ್ಲ ಎಂಬ ನಿರ್ಣಯಗಳು ನಿಮ್ಮೊಬ್ಬರಲ್ಲೇ ಇವೆಯೆಂಬುದು ನನಗೂ ಗೊತ್ತಾಗುತ್ತದೆ. ಸೂಚಿ, ನಕ್ಷೆ, ಗ್ರಂಥಋಣ, ಹಿಂದಿನ ಸಂಶೋಧನೆಯ ಸಮೀಕ್ಷೆ ಇವನ್ನು ಶಿಷ್ಯರು ಮಾಡಬಲ್ಲರು. ಶಾಸನದ ಮೇಲೆ ಕಾಗದವೊತ್ತಿ ತೆಗೆದ ಪ್ರತಿಯೊಂದು ಪಡಿಯಚ್ಚನ್ನೂ ಮುಂದಿಟ್ಟುಕೊಂಡು ನಿಮ್ಮ ಓದನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಿಸಿ. ಗ್ರಂಥ ಮುಗಿಯದಿದ್ದರೂ ಆ ಮುದ್ರಿಕೆಗಳು ಮುಂದಿನವರಿಗೆ ದಾಖಲೆಯಾಗುತ್ತವೆ. ಫೋನಿನಲ್ಲಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗಿ ಮೂಡುವ ಸೌಲಭ್ಯ ಈಗ ಇದೆ. ಹೊಸಗನ್ನಡದ ವಿವರಣೆಗೆ ಅದು ಒದಗುತ್ತದೆ, ಹಳಗನ್ನಡದ ಶಾಸನಪಾಠಕ್ಕೆ ಒದಗುವುದಿಲ್ಲ. ಆ ಭಾಗಕ್ಕೆ ಜೊತೆಗೆ ಕುಳಿತು ಬರೆದುಕೊಳ್ಳುವ ವಿದ್ಯಾರ್ಥಿಯೇ ಬೇಕು. ಕೈಯಲ್ಲೇ ಬರೆಯುವ ಆಸೆಯಿದ್ದರೆ ಅಗಲವಾದ ಗೆರೆಗಳಿರುವ ಹಾಳೆ ಬಳಸಿ, ಪ್ರತಿ ಅಕ್ಷರವೂ ಮೇಲಿನ ಮತ್ತು ಕೆಳಗಿನ ಗೆರೆಯನ್ನು ಮುಟ್ಟಬೇಕೆಂದು ಗಮನವಿಟ್ಟು ಬರೆಯಿರಿ. ತಾನಾಗಿ ಆಗುತ್ತಿದ್ದ ಚಲನೆಯನ್ನು ಗಮನಪೂರ್ವಕವಾಗಿ ಮಾಡಿದಾಗ ಅದು ಮಿದುಳಿನ ಬೇರೆ ದಾರಿಯಿಂದ ನಡೆಯುತ್ತದೆ, ಮತ್ತು ಆ ದಾರಿ ಈ ಕಾಯಿಲೆಯಲ್ಲಿ ಬಹುಕಾಲ ಸುಸ್ಥಿತಿಯಲ್ಲಿರುತ್ತದೆ.

ವರ್ಷಕ್ಕೊಮ್ಮೆ ಜ್ಞಾಪಕ ಮತ್ತು ಯೋಜನಾಶಕ್ತಿಯ ಪರೀಕ್ಷೆ ಮಾಡಿಸಿಕೊಳ್ಳಿ. ಹೆಚ್ಚು ಓದಿದವರಲ್ಲಿ ಹತ್ತು ನಿಮಿಷದ ಸಾಮಾನ್ಯ ಪರೀಕ್ಷೆ ಅನೇಕ ವೇಳೆ ಎಲ್ಲವೂ ಸರಿಯಿದೆಯೆಂದೇ ತೋರಿಸುತ್ತದೆ, ಏಕೆಂದರೆ ಅವರ ಮೊದಲಿನ ಮಟ್ಟವೇ ಬಹಳ ಮೇಲಿರುತ್ತದೆ. ನಿಮಗೆ ವ್ಯತ್ಯಾಸ ಅನಿಸುತ್ತಿದ್ದು ಪರೀಕ್ಷೆ ಚೆನ್ನಾಗಿದೆ ಎಂದರೆ, ಮನೋವಿಜ್ಞಾನಿಗಳು ನಡೆಸುವ ವಿಸ್ತಾರವಾದ ಪರೀಕ್ಷೆಯನ್ನು ಕೇಳಿ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ. ನಿಮ್ಮ ಊರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲೂ ಮೊದಲು ವಿಚಾರಿಸಬಹುದು. ಇದಕ್ಕಿಂತ ಮುಖ್ಯವಾಗಿ ನಿಮ್ಮ ಔಷಧ ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಎಂಬ ಹೆಸರಿದೆಯೇ ನೋಡಿ. ನಡುಕಕ್ಕೆಂದು ಹಿಂದಿನಿಂದಲೂ ಕೊಡುವ ಈ ಮಾತ್ರೆ ವಯಸ್ಸಾದವರ ಜ್ಞಾಪಕಶಕ್ತಿಯನ್ನು ಮಸುಕುಗೊಳಿಸುತ್ತದೆ, ಗೊಂದಲ ಹುಟ್ಟಿಸುತ್ತದೆ. ಅದನ್ನು ಹಂತಹಂತವಾಗಿ ಇಳಿಸಿದ ಮೇಲೆ ಬುದ್ಧಿ ಮರಳಿತೆಂದು ಸಂತೋಷಪಟ್ಟ ಕುಟುಂಬಗಳನ್ನು ನಾನು ಕಂಡಿದ್ದೇನೆ.

ರಾತ್ರಿ ಟಿಪ್ಪಣಿಗಳನ್ನು ಜೋಡಿಸುವ ವಿಷಯವನ್ನು ನಿಮ್ಮ ಪತ್ನಿ ಎತ್ತಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸಿದ ಸಾಲು ಅದು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ ಮುಟ್ಟುವ ಜಾಗಗಳನ್ನು ನೇರವಾಗಿ ಪ್ರಚೋದಿಸುತ್ತವೆ, ಮತ್ತು ಕೆಲವರಲ್ಲಿ ತಡೆಯಲಾಗದ ಬಯಕೆಗಳನ್ನು ಹುಟ್ಟಿಸುತ್ತವೆ. ಜೂಜು, ಮಿತಿಮೀರಿದ ಖರೀದಿ, ಮಿತಿಮೀರಿದ ತಿನ್ನುವಿಕೆ, ಲೈಂಗಿಕ ಆಸಕ್ತಿಯ ಉದ್ರೇಕ ಇವು ಎಲ್ಲರೂ ಬಲ್ಲ ರೂಪಗಳು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ರೂಪವಿದೆ: ಒಂದೇ ಕೆಲಸವನ್ನು ಗುರಿಯಿಲ್ಲದೆ ಗಂಟೆಗಟ್ಟಲೆ ಮಾಡುತ್ತಿರುವುದು. ಮೆಕ್ಯಾನಿಕ್ ಆಗಿದ್ದವರು ಯಂತ್ರಗಳನ್ನು ಬಿಚ್ಚಿ ಹರಡುತ್ತಾರೆ. ಅಧ್ಯಾಪಕರಾಗಿದ್ದವರು ಕಾಗದಗಳನ್ನು ವಿಂಗಡಿಸುತ್ತಾರೆ, ಪಟ್ಟಿಗಳನ್ನು ಮತ್ತೆ ಮತ್ತೆ ಬರೆಯುತ್ತಾರೆ, ಒಂದೇ ಪುಸ್ತಕದ ಎರಡನೆಯ, ಮೂರನೆಯ ಪ್ರತಿಗಳನ್ನು ತರಿಸುತ್ತಾರೆ. ವಿದ್ವಾಂಸರ ಮನೆಯಲ್ಲಿ ಇದು ಶ್ರದ್ಧೆಯಂತೆ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೆಳಗಾದಾಗ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲವೆಂಬುದೇ ಅದನ್ನು ಗುರುತಿಸುವ ಲಕ್ಷಣ. ನಿಮ್ಮದು ಖಂಡಿತ ಅದೇ ಎಂದು ಪತ್ರದ ಆಧಾರದ ಮೇಲೆ ಹೇಳಲಾರೆ. ನಿದ್ರಾಭಂಗ, ಆತಂಕ, ಖಿನ್ನತೆ ಇವೂ ಕಾರಣವಾಗಬಹುದು. ಆದರೆ ಮುಂದಿನ ಭೇಟಿಯವರೆಗೆ ಕಾಯದೆ ಈ ವಾರವೇ ವೈದ್ಯರಿಗೆ ತಿಳಿಸಿ. ಅದೇ ಕಾರಣವಾಗಿದ್ದರೆ ಪ್ರಮಿಪೆಕ್ಸೋಲನ್ನು ಅವರು ನಿಧಾನವಾಗಿ ಇಳಿಸುತ್ತಾರೆ. ಇದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ. ಇದು ಔಷಧದ ಗುಣ, ನಿಮ್ಮ ಸ್ವಭಾವದ ದೋಷವಲ್ಲ.

ಒಳಗಿನ ಕೋಣೆಯಲ್ಲೇ ಉಳಿಯುತ್ತೇನೆಂಬ ಮಾತು ನನ್ನನ್ನು ಇನ್ನೊಂದು ದಿಕ್ಕಿಗೂ ಯೋಚಿಸುವಂತೆ ಮಾಡುತ್ತದೆ. ಈ ಕಾಯಿಲೆಯಿರುವವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಗಮನಿಸಬೇಕಾದ ಮಟ್ಟದ ಖಿನ್ನತೆಯ ಲಕ್ಷಣಗಳಿರುತ್ತವೆ, ಮತ್ತು ಕೆಲವರಲ್ಲಿ ಅದು ನಡುಕಕ್ಕಿಂತ ಮೊದಲೇ ಶುರುವಾಗಿರುತ್ತದೆ. ನಿವೃತ್ತಿ ಮತ್ತು ಕಾಯಿಲೆ ಒಂದರ ಬೆನ್ನಿಗೆ ಒಂದು ಬಂದಾಗ ಮನೆಯವರು ನೌಕರಿ ಹೋದ ಬೇಸರವೆಂದು ಅದನ್ನು ಬದಿಗಿಡುತ್ತಾರೆ. ಖಿನ್ನತೆ ಕಾಯಿಲೆಯ ಭಾಗವೇ. ಅದಕ್ಕೆ ಚಿಕಿತ್ಸೆಯಿದೆ, ಮತ್ತು ಚಿಕಿತ್ಸೆ ಪಡೆದವರ ನಡಿಗೆ, ನಿದ್ರೆ, ಏಕಾಗ್ರತೆಗಳೂ ಸುಧಾರಿಸುತ್ತವೆ. ಮನೋವೈದ್ಯರಲ್ಲಿಗೆ ಹೋಗಬೇಕೆಂದರೆ ಹಿಂಜರಿಯಬೇಡಿ.

ಶಿಷ್ಯರ ವಿಷಯದಲ್ಲಿ ನೀವು ತಿಳಿಯಬೇಕಾದ ಒಂದು ಸಂಗತಿಯಿದೆ. ಮುಖದ ಸ್ನಾಯುಗಳ ಚಲನೆ ಕುಗ್ಗಿರುವುದರಿಂದ ನೀವು ಒಳಗೆ ಸಂತೋಷಪಡುತ್ತಿದ್ದರೂ ಹೊರಗೆ ಅದು ಕಾಣುವುದಿಲ್ಲ. ಎದುರಿಗಿರುವವರು ಅದನ್ನು ಕೋಪವೆಂದೋ ಉದಾಸೀನವೆಂದೋ ತಿಳಿಯುತ್ತಾರೆ. ಗುರುಗಳಿಗೆ ನಮ್ಮ ಭೇಟಿ ಇಷ್ಟವಿಲ್ಲವೆಂದುಕೊಂಡು ಬರುವುದನ್ನೇ ನಿಲ್ಲಿಸಿದ ಶಿಷ್ಯರಿದ್ದಾರೆ. ಇದಕ್ಕೆ ಮದ್ದು ಒಂದೇ: ಮೊದಲ ಐದು ನಿಮಿಷದಲ್ಲೇ ಸ್ಪಷ್ಟವಾಗಿ ಹೇಳಿಬಿಡುವುದು. ನನಗೆ ಪಾರ್ಕಿನ್ಸನ್ ಇದೆ, ಮುಖದಲ್ಲಿ ಭಾವ ಕಾಣುವುದಿಲ್ಲ, ದನಿ ಕೇಳಿಸದಿದ್ದರೆ ಮತ್ತೆ ಕೇಳಿ, ನಾನು ಉತ್ತರಿಸಲು ತಡಮಾಡಿದರೆ ಕಾಯಿರಿ, ನನ್ನ ವಾಕ್ಯವನ್ನು ನೀವು ಮುಗಿಸಬೇಡಿ. ಇಷ್ಟು ಹೇಳಿದ ಮೇಲೆ ಅವರ ಸಂಕೋಚವೂ ಕಳೆಯುತ್ತದೆ. ಭೇಟಿಯ ಸಮಯವನ್ನು ಮಾತ್ರೆ ಹಿಡಿದಿರುವ ಹೊತ್ತಿಗೆ ನಿಗದಿಪಡಿಸಿ. ಒಂದು ಬಾರಿಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ, ಏಕೆಂದರೆ ಹಲವರ ಮಾತಿನ ನಡುವೆ ಗಮನವನ್ನು ಹೊರಳಿಸುವುದು ದಣಿವು ತರುತ್ತದೆ.

ದನಿಯನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದೆಂಬುದು ಅನೇಕರಿಗೆ ಗೊತ್ತಿಲ್ಲ. ನಿಮ್ಮ ಗಂಟಲು ಕೆಟ್ಟಿಲ್ಲ. ಎಷ್ಟು ಜೋರಾಗಿ ಮಾತನಾಡಬೇಕೆಂಬ ಮಿದುಳಿನ ಅಳತೆ ತಪ್ಪಿದೆ. ನಿಮಗೆ ಕೂಗಿದಂತೆ ಕೇಳಿಸುವ ದನಿ ಇತರರಿಗೆ ಸಾಮಾನ್ಯ ದನಿಯಾಗಿ ಕೇಳಿಸುತ್ತದೆ. ಈ ಅಳತೆಯನ್ನು ಸರಿಪಡಿಸಲೆಂದೇ ರೂಪಿಸಿದ ತರಬೇತಿಯಲ್ಲಿ ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಪಾಠಗಳಿರುತ್ತವೆ. ಗಟ್ಟಿಯಾಗಿ ಮಾತನಾಡು ಎಂಬ ಒಂದೇ ಗುರಿಯನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಹುಬ್ಬಳ್ಳಿ ಧಾರವಾಡದಲ್ಲಿ ವಾಕ್ ಚಿಕಿತ್ಸಕರಿದ್ದರೆ ಪಾರ್ಕಿನ್ಸನ್ ರೋಗಿಗಳಿಗೆ ತರಬೇತಿ ಕೊಟ್ಟ ಅನುಭವವಿದೆಯೇ ಎಂದು ಕೇಳಿ ಸೇರಿಕೊಳ್ಳಿ. ತರಬೇತಿ ಮುಗಿದ ಮೇಲೂ ಪ್ರತಿದಿನ ಕಾಲು ಗಂಟೆ ಷಟ್ಪದಿಗಳನ್ನೋ ನೀವೇ ಸಂಪಾದಿಸಿದ ಶಾಸನಗಳನ್ನೋ, ಪಕ್ಕದ ಕೋಣೆಗೆ ಕೇಳುವಂತೆ ಓದಿ. ಲಯವಿರುವ ಪದ್ಯ ಉಸಿರಿನ ಹಿಡಿತವನ್ನೂ ಕಲಿಸುತ್ತದೆ. ಉಪನ್ಯಾಸದ ಆಹ್ವಾನಗಳಲ್ಲಿ ಎಲ್ಲವನ್ನೂ ತಿರಸ್ಕರಿಸಬೇಡಿ. ಇಪ್ಪತ್ತು ನಿಮಿಷ ಸಾಕು, ಕುಳಿತು ಮಾತನಾಡುತ್ತೇನೆ, ಅಂಗಿಗೆ ಸಿಕ್ಕಿಸುವ ಮೈಕು ಬೇಕು, ಸಮಾರಂಭ ಬೆಳಿಗ್ಗೆ ಇರಲಿ ಎಂದು ಷರತ್ತು ಹಾಕಿ. ನಿಮ್ಮಂಥ ಹಿರಿಯರು ಕೇಳಿದರೆ ಯಾವ ಇಲಾಖೆಯೂ ಇಲ್ಲವೆನ್ನುವುದಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಬಂಧಿಸಿ, ಯುಜಿಸಿಯ 2022ರ ನಿಯಮಗಳ ಪ್ರಕಾರ, ಸೇವೆಯಲ್ಲಿದ್ದಾಗಲೇ ನಿಮ್ಮ ಬಳಿ ನೋಂದಣಿಯಾದವರಿಗೆ ನಿವೃತ್ತಿಯ ನಂತರವೂ 70 ವರ್ಷ ತುಂಬುವವರೆಗೆ ಸಹಮಾರ್ಗದರ್ಶಕರಾಗಿ ಮುಂದುವರಿಯಲು ಅವಕಾಶವಿದೆ. ಅಂಥವರು ಇನ್ನೂ ಇದ್ದರೆ, ಮುಖ್ಯ ಹೊಣೆಯನ್ನು ಸೇವೆಯಲ್ಲಿರುವವರು ಹೊತ್ತಿರುವ ಆ ವ್ಯವಸ್ಥೆ ನಿಮ್ಮ ಈಗಿನ ಶಕ್ತಿಗೆ ಸರಿಯಾಗಿದೆ.

ವ್ಯಾಯಾಮವನ್ನು ಔಷಧದಷ್ಟೇ ನಿಯಮಿತವಾಗಿ ಮಾಡಿ. ಸ್ವಲ್ಪ ಏದುಸಿರು ಬರುವಷ್ಟು ಬಿರುಸಾದ ನಡಿಗೆ ದಿನಕ್ಕೆ ಅರ್ಧ ಗಂಟೆ, ಅದರ ಜೊತೆ ಸಮತೋಲ ಮತ್ತು ಬೆನ್ನು ನೀಳಗೊಳಿಸುವ ವ್ಯಾಯಾಮ. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾದರೆ ಮುಂದಕ್ಕೆ ಬಾಗಿ ಹೆಣಗಬೇಡಿ. ನಿಂತು, ಒಂದು ಎರಡು ಎಂದು ಎಣಿಸಿ, ನೆಲದ ಮೇಲೆ ಗೆರೆಯಿದೆಯೆಂದು ಭಾವಿಸಿ ಅದನ್ನು ದಾಟಿ. ಹಾಸಿಗೆಯಿಂದ ಎದ್ದ ಕೂಡಲೇ ನಿಲ್ಲದೆ ಒಂದು ನಿಮಿಷ ಕುಳಿತು ಏಳಿ, ಏಕೆಂದರೆ ಕಾಯಿಲೆಯೂ ಔಷಧವೂ ಸೇರಿ ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಬಹುದು. ನೆಲದ ಮೇಲೆ ಪುಸ್ತಕದ ರಾಶಿಗಳಿದ್ದರೆ ಇಂದೇ ಕಪಾಟಿಗೆ ಸೇರಿಸಿ. ಅಧ್ಯಾಪಕರ ಮನೆಯಲ್ಲಿ ತೊಡೆಯ ಮೂಳೆ ಮುರಿಯಲು ಅದೊಂದು ಸಾಮಾನ್ಯ ಕಾರಣ.

ಬೇರೆ ಯಾವುದೇ ಕಾಯಿಲೆಗೆ ಆಸ್ಪತ್ರೆಗೆ ಹೋದಾಗಲೂ ಒಂದು ಚೀಟಿ ಕಿಸೆಯಲ್ಲಿರಲಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ವಾಂತಿ ಮತ್ತು ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಗೊಂದಲಕ್ಕೊಳಗಾದ ರೋಗಿಯನ್ನು ಶಾಂತಗೊಳಿಸಲು ಕೊಡುವ ಹ್ಯಾಲೊಪೆರಿಡಾಲ್, ಇವು ಡೋಪಮಿನ್ ಕೆಲಸವನ್ನು ತಡೆಯುವುದರಿಂದ ನಿಮಗೆ ಸಲ್ಲವು. ಇವುಗಳ ಹೆಸರು ಮತ್ತು ನಿಮ್ಮ ಮಾತ್ರೆಗಳ ನಿಖರ ಸಮಯ ಆ ಚೀಟಿಯಲ್ಲಿರಬೇಕು. ವಾರ್ಡಿನ ಮಾತ್ರೆ ಹಂಚುವ ಸಮಯಕ್ಕೆ ನಿಮ್ಮ ಲೆವೊಡೋಪಾ ಹೊಂದಿಕೊಳ್ಳುವುದಿಲ್ಲವೆಂದು ದಾದಿಯರಿಗೆ ಮೊದಲ ದಿನವೇ ವಿನಯದಿಂದ ತಿಳಿಸಿ.

ಶಸ್ತ್ರಚಿಕಿತ್ಸೆಯ ಪ್ರಶ್ನೆಗೆ ಬರುತ್ತೇನೆ. ಮಿದುಳಿನ ಆಳದಲ್ಲಿ ತಂತಿಗಳನ್ನಿರಿಸಿ, ಎದೆಯ ಚರ್ಮದಡಿ ಹುದುಗಿಸಿದ ಸಾಧನದಿಂದ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಈ ಚಿಕಿತ್ಸೆ ಬೆಂಗಳೂರಿನಲ್ಲಿ ಲಭ್ಯವಿದೆ. ವೆಚ್ಚ ಹಲವು ಲಕ್ಷ ರೂಪಾಯಿಗಳಾಗುತ್ತದೆ. ಲೆವೊಡೋಪಾಗೆ ಚೆನ್ನಾಗಿ ಸ್ಪಂದಿಸುತ್ತಿದ್ದು, ಆದರೆ ಮಾತ್ರೆ ಬೇಗ ಇಳಿಯುವ ಅಥವಾ ಮೈ ತಾನಾಗಿ ಹೊರಳಾಡುವ ತೊಂದರೆ ತೀವ್ರವಾಗಿರುವವರಿಗೆ, ಮತ್ತು ಮಾತ್ರೆಗೆ ಬಗ್ಗದ ನಡುಕವಿರುವವರಿಗೆ ಅದರಿಂದ ದೊಡ್ಡ ಪ್ರಯೋಜನವಿದೆ. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಜ್ಞಾಪಕಶಕ್ತಿಯನ್ನು ಉತ್ತಮಗೊಳಿಸುವುದಿಲ್ಲ, ಮತ್ತು ಕೆಲವರ ಮಾತನ್ನು ಇನ್ನಷ್ಟು ಅಸ್ಪಷ್ಟಗೊಳಿಸುತ್ತದೆ. ಮಾತನ್ನೇ ನೆಚ್ಚಿಕೊಂಡಿರುವ ನಿಮಗೆ, ಮೂರನೆಯ ವರ್ಷದಲ್ಲಿ, ಔಷಧವನ್ನು ಸರಿಹೊಂದಿಸುವ ಮೊದಲೇ ಅದನ್ನು ನಾನು ಸಲಹೆ ಮಾಡುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಮತ್ತೆ ಚರ್ಚಿಸಬಹುದು.

ಕಾಗದಪತ್ರಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಿಮ್ಮ ಸಹಿ ಕುಗ್ಗಿರುತ್ತದೆ; ಚೆಕ್ಕು ಹಿಂದಿರುಗುವ ಮೊದಲೇ ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟುಬನ್ನಿ, ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಸಿ. ಮಗನಿಗೋ ಮಗಳಿಗೋ ಅಧಿಕಾರಪತ್ರ ಬರೆದುಕೊಟ್ಟರೆ ಸಾಕೆಂದು ಹಲವರು ನೆಮ್ಮದಿಯಿಂದಿರುತ್ತಾರೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಕಳೆದುಕೊಂಡರೆ ಆ ಪತ್ರವೂ ಊರ್ಜಿತವಾಗಿ ಉಳಿಯುವುದಿಲ್ಲ, ಎಂದರೆ ಅತ್ಯಂತ ಅಗತ್ಯವಾದಾಗಲೇ ಅದು ಕೈಕೊಡುತ್ತದೆ. ಜೀವಂತ ಪ್ರಮಾಣಪತ್ರಕ್ಕೆ ಬೆರಳಚ್ಚು ಕಷ್ಟವಾದರೆ ಫೋನಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಸಲ್ಲಿಸುವ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ. ನ್ಯೂನತೆ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ಹಿರಿಯ ನಾಗರಿಕರಿಗೆ ಚಿಕಿತ್ಸಾ ವೆಚ್ಚದ ಮೇಲೆ 1 ಲಕ್ಷ ರೂಪಾಯಿವರೆಗೆ ವಿನಾಯಿತಿಯೂ ಇದೆ. ಗ್ರಂಥಗಳ ಹಕ್ಕುಸ್ವಾಮ್ಯ ಲೇಖಕರ ಕಾಲಾನಂತರ 60 ವರ್ಷ ಉಳಿಯುತ್ತದೆ. ಅಪ್ರಕಟಿತ ಹಸ್ತಪ್ರತಿ, ಪಡಿಯಚ್ಚು, ಧ್ವನಿಮುದ್ರಿಕೆಗಳ ಹೊಣೆ ಯಾರದೆಂದು ಉಯಿಲಿನಲ್ಲಿ ಹೆಸರಿಸಿ ಬರೆಯಿರಿ. ಮಕ್ಕಳಿಗೆ ಆ ವಿಷಯದ ಪರಿಚಯವಿಲ್ಲದಿದ್ದರೆ ಒಬ್ಬ ಶಿಷ್ಯರನ್ನು ಹೆಸರಿಸುವುದು ತಪ್ಪಲ್ಲ. ಮಕ್ಕಳೊಂದಿಗೆ ಮೊದಲೇ ಮಾತನಾಡಿ.

ಇನ್ನೊಂದು ಪತ್ರವನ್ನು ನೀವು ಕೇಳಿಲ್ಲ, ಆದರೂ ಹೇಳುವುದು ನನ್ನ ಕರ್ತವ್ಯ. ಗುಣವಾಗುವ ಸಾಧ್ಯತೆಯೇ ಇಲ್ಲದ ಕೊನೆಯ ಹಂತದಲ್ಲಿ ಕೃತಕ ಉಸಿರಾಟದಂಥ ಚಿಕಿತ್ಸೆಗಳು ನಿಮಗೆ ಬೇಕೆ, ಬೇಡವೆ ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತನಾಡುವವರ ಹೆಸರು ಅದರಲ್ಲಿರಬೇಕು. ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತರುವ ಕ್ರಮವನ್ನು ವಿವರಿಸಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಎರಡು ಹಂತದ ವೈದ್ಯರ ಮಂಡಳಿಗಳು ಒಪ್ಪಿದ ಮೇಲೆಯೇ ಆ ಪತ್ರ ಜಾರಿಯಾಗುವುದರಿಂದ ದುರುಪಯೋಗದ ಭಯ ಬೇಡ. ನಿಮ್ಮ ಬುದ್ಧಿ ಸ್ಪಷ್ಟವಾಗಿರುವ ಈ ಕಾಲದಲ್ಲಿ ಬರೆದಿಟ್ಟರೆ, ಮುಂದೆ ಎಂದಾದರೂ ಆ ಕಠಿಣ ನಿರ್ಣಯದ ಭಾರ ಪತ್ನಿಯವರೊಬ್ಬರ ಮೇಲೆ ಬೀಳುವುದಿಲ್ಲ.

ಅವರ ಬಗ್ಗೆ ಒಂದು ಮಾತು. ರಾತ್ರಿ ನಿಮ್ಮ ಜೊತೆ ಅವರೂ ನಿದ್ರೆಗೆಡುತ್ತಿದ್ದಾರೆ. ಕನಸಿನಲ್ಲಿ ಕೂಗುವುದು, ಕೈಕಾಲು ಬೀಸುವುದು ಇದ್ದರೆ ಅದೂ ಕಾಯಿಲೆಯ ಭಾಗವೇ. ವೈದ್ಯರಿಗೆ ಹೇಳಿ ಔಷಧ ಪಡೆಯಿರಿ, ಅಲ್ಲಿಯವರೆಗೆ ಹಾಸಿಗೆಗಳು ಬೇರೆಯಿರಲಿ. ಬರೆದುಕೊಳ್ಳಲು ಬರುವ ವಿದ್ಯಾರ್ಥಿ ಮನೆಯಲ್ಲಿರುವ ಬೆಳಗಿನ ಆ ಎರಡು ಗಂಟೆ ಅವರು ಮನೆಯಿಂದ ಹೊರಗೆ ಹೋಗಿಬರಲಿ. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗಿ. ಎರಡು ವಾರದ ದಾಖಲೆಯ ನೋಟ್‌ಬುಕ್ಕು, ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ, ಮತ್ತು ರಾತ್ರಿ ನಡೆಯುವುದೇನೆಂಬುದನ್ನು ವೈದ್ಯರಿಗೆ ಅವರೇ ಹೇಳಲಿ.